ಗೌಹರಳ ಜಿಂಕೆ

ಡರ್ಹಮ್‌ನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಮೈಸೂರಿನ ಗೌಹರ್, ೧೯೯೬ರ ನವೆಂಬರಿನಲ್ಲಿ ದೊಡ್ಡ ಕೊಂಬಿನ ಗಂಡು ಜಿಂಕೆಯೊಂದನ್ನು ಬಿಲ್ಲಿನಿಂದ ಹೊಡೆದಳು. ಊರಾಚೆ ಒಬ್ಬನ ಹೊಲದಲ್ಲಿ, ಅವನ ಒಪ್ಪಿಗೆ ಪಡೆದು, ಎಷ್ಟೋ ಚಳಿಗಾಲ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಬರಿಗೈಯಲ್ಲಿ ಮರಳಿದ್ದವಳು. ಆ ದಿನ ಬಿಸ್ಮಿಲ್ಲಾ ಎಂದು ಬಿಟ್ಟ ಬಾಣ ಗುರಿ ತಪ್ಪಲಿಲ್ಲ.

ಗಂಡ ಫಜಲ್ ಆಫೀಸಿನ ಕೆಲಸಕ್ಕೆಂದು ಅಟ್ಲಾಂಟಾಕ್ಕೆ ಹೋಗಿದ್ದ. ಹೊಲದವನ ಮನೆಯಿಂದ ಫೋನ್ ಮಾಡಿ ಪಕ್ಕದ ಮನೆಯ ಜಯಾ ಆಂಟಿಯನ್ನು ಕರೆಸಿಕೊಂಡಳು. ಮೊಟ್ಟೆಯನ್ನೂ ಮುಟ್ಟದ ಜಯಾ ಮೂಗಿಗೆ ಶಾಲು ಒತ್ತಿಕೊಂಡೇ ಜಿಂಕೆಗೆ ಕಟ್ಟಿದ ಹಗ್ಗದ ಒಂದು ತುದಿ ಹಿಡಿದು ಎಳೆದರು.

ಬಿಲ್ಲುಬೇಟೆಯ ದಾಖಲೆ ಪುಸ್ತಕಕ್ಕೆ ಸೇರಬೇಕಾದರೆ ಕೊಂಬುಗಳು ಎರಡು ತಿಂಗಳು ಒಣಗಬೇಕು; ಆಮೇಲೆ ಅಧಿಕೃತ ಅಳತೆಗಾರ ಅಳೆದಾಗ ನಿಗದಿತ ಅಳತೆ ಮುಟ್ಟಬೇಕು. ಜನವರಿಯಲ್ಲಿ ಗೌಹರ್ ಮತ್ತು ಜಯಾ ಊರಿನ ಅಳತೆಗಾರ ವೆಂಡೆಲ್‌ನ ಮನೆಗೆ ಹೋದರು. ಅವನು ಟೇಪು ಹಿಡಿದು ಕವಲು ಕವಲನ್ನೂ ಅಳೆದು, "ಸೇರುತ್ತದೆ. ನಿನ್ನ ಗಂಡನನ್ನು ಸಹಿಗೆ ಕಳಿಸು," ಎಂದ.

"ಹೊಡೆದವಳು ನಾನು."

ವೆಂಡೆಲ್ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಹಿತ್ತಲಲ್ಲಿ ಗುರಿಹಲಗೆ ಇದೆ. ಒಂದು ಬಾಣ ಬಿಟ್ಟು ತೋರಿಸು, ಬರೆದುಕೊಳ್ಳುತ್ತೇನೆ."

ಜಯಾ ಕನ್ನಡದಲ್ಲಿ ಪಿಸುಗುಟ್ಟಿದರು: "ಹೊಡೆದು ತೋರ್ಸಿಬಿಡೇ, ಇವನ ಬಾಯಿ ಮುಚ್ಚೋಗತ್ತೆ."

"ಯಾಕೆ ತೋರಿಸ್ಬೇಕು ಆಂಟಿ?" ಎಂದು ಗೌಹರ್ ಅವನತ್ತ ತಿರುಗಿದಳು. "ಇಲ್ಲಿಗೆ ಬರುವ ಗಂಡಸರಿಗೂ ಹೀಗೇ ಪರೀಕ್ಷೆ ಇಡುತ್ತೀಯಾ?"

ವೆಂಡೆಲ್ ಟೇಪು ಸುತ್ತತೊಡಗಿದ.

"ನೀನು ಅಳೆಯಬೇಕಾದ್ದು ಕೊಂಬನ್ನು, ನನ್ನನ್ನಲ್ಲ." ಕೊಂಬುಗಳನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಕಾರಿನಲ್ಲಿ ಕೂತು ಬೀಗದ ಕೈಯನ್ನು ಎರಡು ಸಲ ತಪ್ಪಾಗಿ ತೂರಿಸಿದಳು. ಜಯಾ ಅದನ್ನು ಕಿತ್ತುಕೊಂಡು, "ಸರ್ಕೋ, ನಾನು ಡ್ರೈವ್ ಮಾಡ್ತೀನಿ," ಎಂದರು.

ಮನೆಯಲ್ಲಿ ಫಜಲ್ ಸಮಾಧಾನ ಹೇಳಿದ: "ನನ್ನ ಹೆಸರೇ ಹಾಕ್ಸು ಗೌಹರ್. ಜಿಂಕೆ ಅದೇ ತಾನೇ?"

"ಜಿಂಕೆ ಅದೇ ರೀ, ಹೊಡೆದೋರು ಬೇರೆ. ನೀವು ಇಲಿಬೋನು ಇಡೋಕೂ ನನ್ನೇ ಕರೀತೀರ."

ಫಜಲ್‌ಗೆ ನಗು ಬಂತು. ಮುಂದಿನ ಶನಿವಾರ ತಾನೇ ಕಾರು ತೆಗೆದು, ಸೌತ್ ಕ್ಯಾರೊಲೈನಾದಲ್ಲಿದ್ದ ಇನ್ನೊಬ್ಬ ಅಳತೆಗಾರನಲ್ಲಿಗೆ ಅವಳನ್ನು ಕರೆದುಕೊಂಡು ಹೋದ. ಆ ಮುದುಕ ಎಲ್ಲಿ, ಎಂದು, ಹೇಗೆ ಹೊಡೆದೆ ಎಂದಷ್ಟೇ ಕೇಳಿದ. ಬಾಣ ತಗುಲಿದ ಮೇಲೆ ಜಿಂಕೆ ಪಕ್ಕದವರ ಬೇಲಿ ದಾಟಿ ಬಿದ್ದದ್ದನ್ನೂ, ಅವರ ಅನುಮತಿ ಕೇಳಿ ಒಳಗೆ ಹೋದದ್ದನ್ನೂ ಗೌಹರ್ ಬಿಡದೆ ಹೇಳಿದಳು. ವೆಂಡೆಲ್‌ನ ಅಳತೆಗಿಂತ ಇಲ್ಲಿ ತುಸು ಕಡಿಮೆಯೇ ಬಂತು. ಆದರೂ ಸಾಕಾಯಿತು. ಮುದುಕ ಅವಳ ಹೆಸರಿನ ಅಕ್ಷರಗಳನ್ನು ಎರಡು ಸಲ ಕೇಳಿ ಬರೆದುಕೊಂಡ.

ಮರುವರ್ಷ ಬಿಲ್ಲುಗಾರರ ಔತಣಕೂಟದಲ್ಲಿ ಅವಳ ಹೆಸರು ಓದಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು, ಬರೀ ಸಲಾಡು ತಿನ್ನುತ್ತಿದ್ದ ಜಯಾ. ಊಟದ ಸಾಲಿನಲ್ಲಿ ವೆಂಡೆಲ್ ಎದುರಾದ.

"ಅವತ್ತು ಒಂದೇ ಒಂದು ಬಾಣ ಬಿಟ್ಟಿದ್ದರೆ ಅಷ್ಟು ದೂರ ಓಡಾಡುವುದು ತಪ್ಪುತ್ತಿತ್ತು," ಎಂದ.

"ಹೌದು, ತಪ್ಪುತ್ತಿತ್ತು," ಎಂದು ಗೌಹರ್ ತಟ್ಟೆ ಹಿಡಿದು ಮುಂದೆ ನಡೆದಳು.