ಗಿಟಾರಿನ ಬೆನ್ನಿನ ಗುಂಡಿ

ನೆಂದ ಮರವನ್ನು ಬಿಸಿಲಿಗಿಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಮಾಡಿದ್ದು ಅದನ್ನೇ. ಅವರ ಕಟ್ಟಡದ ನೆಲಮಾಳಿಗೆಯಲ್ಲಿ ಪೈಪು ಒಡೆದು, ಅಲ್ಲಿಟ್ಟಿದ್ದ ಹಳೆಯ ಎಲೆಕ್ಟ್ರಿಕ್ ಗಿಟಾರು ಚೀಲದ ಸಮೇತ ನೀರು ಕುಡಿದಿತ್ತು. ಅದನ್ನು ಮಹಡಿಯ ಮೇಲೆ ಸುಡುಬಿಸಿಲಿಗೆ ಹಾಕಿ, ಬಣ್ಣವೆಲ್ಲ ಗುಳ್ಳೆ ಎದ್ದು, ಎರಡು ಹಲಗೆ ಕೂಡಿಸಿದ ಸಂದು ಬಾಯಿ ಬಿಟ್ಟ ಮೇಲೆ ನನ್ನ ಅಂಗಡಿಗೆ ಹೊತ್ತು ತಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ನಾನು ಕುರ್ಚಿ ಮೇಜು ರಿಪೇರಿ ಮಾಡೋಳು ದೊಡ್ಡಮ್ಮಾ. ಗಿಟಾರು ನನಗೇನು ಗೊತ್ತು?"

"ಮರ ಮರಾನೇ ಕಣೇ. ತಂತಿ, ವೈರು ಎಲ್ಲ ರೇಡಿಯೊ ರಿಪೇರಿಯವನು ನೋಡ್ಕೊಳ್ತಾನೆ, ನೀನು ಮೈ ಸರಿ ಮಾಡು. ನಮ್ಮ ಹಳೇ ತಂಡದವರೆಲ್ಲ ಮತ್ತೆ ಸೇರ್ತಿದ್ದಾರೆ, ನಾನು ಇದನ್ನ ಹಿಡ್ಕೊಂಡು ನಿಲ್ಲಬೇಕು. ಹಾಂ, ಹಿಂದುಗಡೆ ನೀರು ತಿಂದು ಗುಂಡಿ ಬಿದ್ದಿದೆ. ಅದನ್ನ ಮುಚ್ಚೋದು ಮರೀಬೇಡ."

ದೊಡ್ಡಮ್ಮ ನಮ್ಮ ಮನೆತನದ ಕಲಾವಿದೆ. ಗಿಟಾರು ಹಿಡಿದ ಅವರ ಫೋಟೊ ಅವರ ನಡುಮನೆಯ ಗೋಡೆಯಲ್ಲಿದೆ. ಅಮ್ಮನೂ ಒಂದು ಕಾಲಕ್ಕೆ ನುಡಿಸುತ್ತಿದ್ದಳಂತೆ. ಅಮ್ಮ ಅದನ್ನು ಹೇಳಿದವಳಲ್ಲ. ಅಮ್ಮ ಹತ್ತಿರ ಇಲ್ಲದಾಗ ದೊಡ್ಡಮ್ಮನೇ ನಾಲ್ಕು ಜನರೆದುರು ನನ್ನ ಕೆನ್ನೆ ಹಿಂಡಿ ಹೇಳುತ್ತಿದ್ದರು: "ಇವಳು ಹೊಟ್ಟೆಗೆ ಬಿದ್ಲು, ಅವಳ ಗಿಟಾರು ಮೂಲೆಗೆ ಬಿತ್ತು." ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಒಲೆಯ ಮುಂದೆ ನಿಂತ ಅಮ್ಮನ ಎಡಗೈ ಬೆರಳುಗಳು ಸುಮ್ಮಸುಮ್ಮನೆ ಕುಣಿಯುವುದನ್ನು ಕಂಡಾಗಲೆಲ್ಲ, ಇದು ನನ್ನಿಂದಾದದ್ದು ಎಂದುಕೊಳ್ಳುತ್ತಿದ್ದೆ. ಕೇಳುವ ಧೈರ್ಯ ಮಾತ್ರ ಬಂದಿರಲಿಲ್ಲ. ಹೌದು ಅಂದುಬಿಟ್ಟರೆ?

ಗಿಟಾರಿನ ಕತ್ತು, ತಂತಿ, ತುಕ್ಕು ಹಿಡಿದ ಸ್ಕ್ರೂ ಎಲ್ಲ ಬಿಚ್ಚಿ, ಬರಿಮೈಯನ್ನು ಗಾಳಿಯಾಡುವ ನೆರಳಿನಲ್ಲಿ ಮಲಗಿಸಿದೆ. ದಿನವೂ ತಕ್ಕಡಿಗಿಟ್ಟು ತೂಗುತ್ತಿದ್ದೆ. ಮರ ಮೇಲೆ ಒಣಗಿದ ಹಾಗೆ ನಟಿಸಿ ಒಳಗೆ ನೀರು ಬಚ್ಚಿಟ್ಟುಕೊಂಡಿರುತ್ತದೆ. ತೂಕ ಇಳಿಯುವುದು ನಿಂತರೆ ಮಾತ್ರ ನಂಬಬೇಕು. ಅದು ನಿಂತ ಮೇಲೆ ಸಂದಿನ ಹಳೆಯ ಅಂಟು ಕೆರೆದು, ಹೊಸದು ಹಚ್ಚಿ ಕ್ಲಾಂಪು ಬಿಗಿದೆ. ಸಂದು ಎಲ್ಲಿತ್ತು ಎಂದು ನನಗೇ ಕಾಣದ ಹಾಗೆ ಕೂತಿತು.

ಆಮೇಲೆ ಮಗುಚಿ ಹಾಕಿದೆ. ಬೆನ್ನಿನ ಮೇಲರ್ಧದಲ್ಲಿ ಊಟದ ತಟ್ಟೆಯಷ್ಟು ಅಗಲದ ಗುಂಡಿ. ಮರದ ಹುಡಿಗೆ ಅಂಟು ಕಲಸಿಟ್ಟುಕೊಂಡು, ತುಂಬುವ ಮೊದಲು ಒಮ್ಮೆ ಬೆರಳಾಡಿಸಿದೆ. ಕೈ ಅಲ್ಲೇ ನಿಂತಿತು. ನೀರು ಮರವನ್ನು ಉಬ್ಬಿಸುತ್ತದೆ, ಸೀಳುತ್ತದೆ, ಕೊಳೆಸುತ್ತದೆ. ಹೀಗೆ ತೋಡುವುದಿಲ್ಲ. ಇಲ್ಲಿ ಚಾಕುವಿನ ಗಾಯಗಳಿದ್ದವು. ಯಾರೋ ಅಡ್ಡಕಸುಬಿ ಮರದ ಎಳೆಗೆ ಎದುರಾಗಿ ಕೆತ್ತಿ ಮಾನ ಕಳೆದಿದ್ದ.

ಕೆತ್ತಿದ್ದೂ ಒಂದು ಸಲವಲ್ಲ. ಗುಂಡಿಯ ಅಂಚಿನಲ್ಲಿ ದಪ್ಪ ವಾರ್ನಿಷ್ ಇತ್ತು. ಅದರೊಳಗೆ ಇನ್ನೊಂದು ಸುತ್ತು ಕೆತ್ತಿ ತೆಳ್ಳಗೆ, ಬೇರೆ ಬಣ್ಣದ ವಾರ್ನಿಷ್ ಬಳಿದಿದ್ದರು. ನಡುವಿನ ಆಳದಲ್ಲಿ ವಾರ್ನಿಷ್ಷೇ ಇರಲಿಲ್ಲ, ಬೆವರು ಕುಡಿದು ಕಪ್ಪಾದ ಬರಿ ಮರ. ಕೆತ್ತಿ, ಸಾಲದೆ ಮತ್ತೆ ಕೆತ್ತಿ, ಅದೂ ಸಾಲದೆ ಇನ್ನೊಮ್ಮೆ ಕೆತ್ತಿದ್ದಾರೆ. ಏನು ಸಾಲಲಿಲ್ಲ ಇವರಿಗೆ?

ತಲೆಗೆ ಹುಳ ಹೊಕ್ಕಿತು. ಕಲಸಿದ ಅಂಟು ಬಟ್ಟಲಲ್ಲೇ ಗಟ್ಟಿಯಾಯಿತು. ಗುಂಡಿಗೆ ಬೋಗುಣಿ ಇಟ್ಟು ನೋಡಿದೆ, ತಂಬಿಗೆ ಇಟ್ಟು ನೋಡಿದೆ. ಕೊನೆಗೆ ಪಟ್ಟಿ ಕಟ್ಟಿ ಹೆಗಲಿಗೇ ತಗುಲಿಸಿಕೊಂಡೆ. ಗುಂಡಿ ಸರಿಯಾಗಿ ನನ್ನ ಹೊಟ್ಟೆಗೆ ಎದುರಾಗಿ ನಿಂತಿತು, ಆದರೆ ಹೊಟ್ಟೆ ಅದಕ್ಕೆ ಎಟುಕಲಿಲ್ಲ. ರಿಪೇರಿಗೆ ಬಂದ ಕುರ್ಚಿಯೊಂದರ ದುಂಡು ದಿಂಬು ಕಣ್ಣಿಗೆ ಬಿತ್ತು. ಅದನ್ನು ಏಪ್ರನ್ ಒಳಗೆ ತುರುಕಿ ಕಟ್ಟಿಕೊಂಡು ಮತ್ತೆ ತಗುಲಿಸಿದೆ. ಗಿಟಾರು ಬಂದು ಕಚ್ಚಿಕೊಂಡ ಹಾಗೆ ಕೂತಿತು.

ಅಷ್ಟರಲ್ಲಿ ನಮ್ಮವರು ಟೀ ಹಿಡಿದು ಒಳಗೆ ಬಂದರು. ಮೇಲಿಂದ ಕೆಳಗೆ ನೋಡಿದರು.

"ಏನೇ ಇದು? ನನಗೂ ಒಂದ್ಮಾತು ಹೇಳದೆ ವಿಶೇಷಾನಾ?"

ನಗಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಬೆಳೆದದ್ದು ಹೊಟ್ಟೆ! ಅದು ಬೆಳೆದ ಹಾಗೆಲ್ಲ ಗುಂಡಿ ಆಳವಾಗಿದೆ. ಆದರೆ ದೊಡ್ಡಮ್ಮನಿಗೆ ಮಕ್ಕಳಿಲ್ಲ, ಅವರು ಬಸುರಿಯಾದದ್ದೂ ಇಲ್ಲ. ಟೀ ಅಲ್ಲೇ ಬಿಟ್ಟು, ಗಿಟಾರನ್ನು ಕಂಕುಳಲ್ಲಿ ಇರುಕಿಕೊಂಡು ಅಮ್ಮನ ಮನೆಗೆ ಓಡಿದೆ.

ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು.

"ಅಮ್ಮಾ, ಇದನ್ನ ಕೆತ್ತಿದ ಕಟುಕ ಯಾರು?"

ಅಮ್ಮ ನೋಡದೆಯೇ ಗಿಟಾರಿನ ಬೆನ್ನಿಗೆ ಕೈ ಹಾಕಿ ಗುಂಡಿಯನ್ನು ಸವರಿದಳು. "ತರಕಾರಿ ಚಾಕು ಅದು. ಕಟುಕ ಅನ್ಬೇಡ, ಅಂಗೈಯೆಲ್ಲ ಬೊಬ್ಬೆ ಬಂದಿತ್ತು ನಂಗೆ."

"ನೀನಾ?"

"ಮತ್ತಿನ್ಯಾರು? ಹೊಟ್ಟೆ ಮುಂದೆ ಬಂದ ಹಾಗೆಲ್ಲ ಇದು ದೂರ ಹೋಗ್ತಿತ್ತು, ಕೈ ಎಟುಕ್ತಿರಲಿಲ್ಲ. ಹೊಟ್ಟೆ ಕೆತ್ತೋಕಾಗುತ್ತಾ? ಇದನ್ನ ಕೆತ್ತಿದೆ. ಇನ್ನೇನು ಹೆರಿಗೆ ಅನ್ನೋವರೆಗೂ ವೇದಿಕೆ ಹತ್ತಿದೀನಿ."

"ಹಾಗಾದ್ರೆ ನೀನು ಬಿಟ್ಟಿದ್ದು ನನ್ನಿಂದ ಅಲ್ವಾ?" ನನ್ನ ದನಿ ಸಣ್ಣ ಹುಡುಗಿಯದಾಗಿತ್ತು.

ಅಮ್ಮ ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದಳು. "ನಿನ್ನಿಂದ ಬಿಡೋ ಹಾಗಿದ್ರೆ ಯಾಕೆ ಕೆತ್ತುತ್ತಿದ್ದೆ? ನಾನು ಬಾಣಂತಿ ಆಗಿದ್ದಾಗ ಅಕ್ಕ ಬಂದು, ನೀನು ಏಳೋವರೆಗೆ ತಂಡದಲ್ಲಿ ನಾನು ನಿಂತ್ಕೊಳ್ತೀನಿ ಅಂದ್ಲು. ಗಿಟಾರು ಕೊಟ್ಟೆ. ನಾನು ಎದ್ದೆ. ಅವಳು ಜಾಗ ಬಿಡಲಿಲ್ಲ."

"ಕಿತ್ಕೊಳ್ಳಬಾರ್ದಿತ್ತಾ?"

"ಒಡಹುಟ್ಟಿದೋಳ ಹತ್ರ ಜಗಳ ಆಡ್ಲಾ? ಹೋಗ್ಲಿ ಬಿಡು ಅಂದ್ಕೊಂಡೆ. ಅದು ಸರಿ, ನಿನ್ನಿಂದ ಅಂತ ನಿನಗ್ಯಾರು ಹೇಳಿದ್ರು?"

ಮಡಚಿದ ಬಟ್ಟೆಯ ರಾಶಿಗೆ ಮುಖ ಹುದುಗಿಸಿ ಗೊಳೋ ಎಂದು ಅತ್ತೆ. ಅಷ್ಟು ವರ್ಷ ಹೊತ್ತ ಭಾರ ನನ್ನದಾಗಿರಲೇ ಇಲ್ಲ.

ಮೈಯ ಗುಳ್ಳೆಗಳನ್ನೆಲ್ಲ ಉಜ್ಜಿ ತೆಗೆದು, ಬಣ್ಣ ಹಚ್ಚಿ, ಮುಖ ಕಾಣುವಂತೆ ಪಾಲಿಶ್ ಮಾಡಿ, ಕತ್ತನ್ನು ಮತ್ತೆ ಕೂಡಿಸಿದೆ. ಗುಂಡಿಯನ್ನು ಬಟ್ಟೆಯಲ್ಲಿ ಒರೆಸಿ ಹಾಗೇ ಬಿಟ್ಟೆ. ದೊಡ್ಡಮ್ಮ ಬಂದರು. ಎದುರು ಭಾಗ ನೋಡಿ ಹಿಗ್ಗಿದರು, ತಿರುಗಿಸಿ ನೋಡಿ ಮುಖ ಗಂಟಿಕ್ಕಿದರು.

"ಇದನ್ನ ಮುಚ್ಚು ಅಂದಿದ್ನಲ್ಲೇ! ನೀರು ತಿಂದಿರೋ ಜಾಗ."

"ನೀರು ತಿಂದಿದ್ದಲ್ಲ ದೊಡ್ಡಮ್ಮಾ. ಅಲ್ಲಿ ನಾನಿದ್ದೆ."

ನನ್ನ ಬಾಯಿ ತುಂಬ ಬೈಗುಳ ಸಿದ್ಧವಾಗಿತ್ತು. ಆದರೆ ಅವರ ಸುಕ್ಕುಗಟ್ಟಿದ ಕೈ ಮೆಲ್ಲಗೆ ಗುಂಡಿಯೊಳಗೆ ಇಳಿದು ಅಲ್ಲೇ ಕೂತದ್ದನ್ನು ಕಂಡು ಎಲ್ಲವನ್ನೂ ನುಂಗಿಕೊಂಡೆ.

"ಎಷ್ಟು ವರ್ಷ ನುಡಿಸಿದ್ರೂ ಇದು ನನ್ನ ಮೈಗೆ ಕೂರಲೇ ಇಲ್ಲ," ಎಂದರು ದೊಡ್ಡಮ್ಮ. "ಅವಳು ನನಗಿಂತ ಚೆನ್ನಾಗಿ ನುಡಿಸ್ತಿದ್ಲು ಕಣೇ."

"ಅದನ್ನ ನನಗ್ಯಾಕೆ ಹೇಳ್ತೀರಿ? ಅಮ್ಮ ನನಗೆ ಊಟ ತರೋ ಹೊತ್ತಾಯ್ತು. ಅವಳಿಗೇ ಹೇಳಿ."

ಕುರ್ಚಿ ಎಳೆದು ಹಾಕಿದೆ. ದೊಡ್ಡಮ್ಮ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತರು.