ಕೆಂಪು ಶಾಯಿಯ ಷರಾ

ಹತ್ತನೇ ಕ್ಲಾಸಿನ ಆ ಹುಡುಗಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಗುಬ್ಬಿಕಾಲು ಅಂತ. ಅವಳ ಅಕ್ಷರ ಅಂಥದ್ದು. ಅಮ್ಮನಿಗೆ ಮಾತ್ರ ಅದೊಂದು ಕೊರತೆ ಅನ್ನಿಸಿರಲೇ ಇಲ್ಲ. ಹದಿನೆಂಟು ವರ್ಷದಿಂದ ಮೆಡಿಕಲ್ ಸ್ಟೋರಿನಲ್ಲಿ ನಿಂತು ಡಾಕ್ಟರುಗಳ ಚೀಟಿ ಓದಿದವಳಿಗೆ ಮಗಳ ನೋಟ್ಸು ನೀರು ಕುಡಿದಷ್ಟು ಸಲೀಸು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಎಂಬತ್ತಕ್ಕೆ ಹದಿನೇಳು ಬಂತು. ಉತ್ತರಪತ್ರಿಕೆಯ ಮೇಲೆ ವಿಜ್ಞಾನದ ಮೇಷ್ಟ್ರು ಕೆಂಪು ಶಾಯಿಯಲ್ಲಿ ಒಂದು ಸಾಲು ಷರಾ ಬರೆದಿದ್ದರು. ಅಪ್ಪ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಅಮ್ಮ ಟ್ಯೂಬ್‌ಲೈಟಿನ ಕೆಳಗೆ ಹಿಡಿದು, "ಊಟಕ್ಕೆ ಮುಂಚೆ ಅಂತ ಇರೋ ಹಾಗಿದೆ. ಉಳಿದದ್ದು ನಂಗೂ ಗೊತ್ತಾಗ್ತಿಲ್ಲ" ಅಂದಳು.

ಮರುದಿನ ತಾಯಿ ಮಗಳು ಸ್ಟಾಫ್ ರೂಮಿಗೆ ಹೋದರು. ಮೇಷ್ಟ್ರು ಹಾಳೆಯನ್ನು ಹತ್ತಿರ ತಂದರು, ದೂರ ಹಿಡಿದರು, ಕೊನೆಗೆ ತಲೆಕೆಳಗು ಮಾಡಿದರು.

"ಇದು ನಾನು ಬರೆದದ್ದಾ?"

"ನೀವೇ ಸರ್," ಅಂದಳು ಗುಬ್ಬಿಕಾಲು.

ಐದು ನಿಮಿಷಕ್ಕೆ ಹೊಳೆಯಿತು. "ಅಕ್ಷರ ಸುಧಾರಿಸಬೇಕು."

ಪಕ್ಕದ ಮೇಜಿನ ಗಣಿತದ ಟೀಚರ್ ಪುಸ್ತಕದಲ್ಲಿ ಮುಖ ಹುದುಗಿಸಿದರು. ಭುಜ ಕುಲುಕುವುದನ್ನು ಮುಚ್ಚಲಾಗಲಿಲ್ಲ.

ಅಮ್ಮ ನಗಲಿಲ್ಲ. "ದಿನಾ ಸಂಜೆ ನಮ್ಮ ಅಂಗಡಿ ಮುಂದೇನೇ ಹೋಗ್ತೀರಲ್ಲ ಸರ್. ಇಬ್ಬರೂ ಒಂದೊಂದು ಪುಟ ಬರೆದು ತನ್ನಿ. ನಾನು ತಿದ್ದುತೀನಿ."

ಕೆಮ್ಮಿನ ಸಿರಪ್ಪುಗಳ ನಡುವೆ ಹಾಳೆ ಹರಡಿಕೊಂಡು ತಿದ್ದಿದಳು ಕೂಡ. "ನಿಮ್ಮ 'ಮ' ಜ್ವರ ಬಂದು ಮಲಗಿದೆ ಸರ್, ಎಬ್ಬಿಸಿ." ಮಗಳಿಗೆ, "ಒತ್ತಕ್ಷರ ಕೆಳಗೆ ಬರೀಬೇಕು, ಪಕ್ಕದ ಮನೇಲಲ್ಲ." ಮೇಷ್ಟ್ರು ಮೊದಮೊದಲು ಮುಖ ಗಂಟಿಕ್ಕಿದರು. ಹುಡುಗಿಯ ಪುಟವೇ ವಾಸಿ ಅಂತ ಅಮ್ಮ ಅಂದ ಮೇಲೆ ಹಠಕ್ಕೆ ಬಿದ್ದು ಎರಡೆರಡು ಪುಟ ತಂದರು.

ಮುಂದಿನ ಪರೀಕ್ಷೆಯಲ್ಲಿ ಗುಬ್ಬಿಕಾಲಿಗೆ ಐವತ್ತೆಂಟು. ಓದಿದ್ದು ಮೊದಲಿನಷ್ಟೇ, ಮೇಷ್ಟ್ರ ಕಣ್ಣಿಗೆ ಬಿದ್ದದ್ದು ಜಾಸ್ತಿ.

ಫಜೀತಿಯಾದದ್ದು ಮೇಷ್ಟ್ರಿಗೆ. ಅವರ ಷರಾಗಳೂ ಈಗ ಮುತ್ತು ಪೋಣಿಸಿದ ಹಾಗಿದ್ದವು. 'ಇವನ ತಲೆಯೊಳಗೆ ಶುದ್ಧ ನಿರ್ವಾತ.' 'ಉತ್ತರ ಸುಳ್ಳು, ಧೈರ್ಯ ನಿಜ.' ಇಪ್ಪತ್ತು ವರ್ಷದಿಂದ ಬರೆದುಕೊಂಡು ಬಂದದ್ದೇ. ಯಾರಾದರೂ ಓದಿದ್ದು ಇದೇ ಮೊದಲು. ಸೋಮವಾರ ಹನ್ನೊಂದು ಮಂದಿ ಪೋಷಕರು ಸ್ಟಾಫ್ ರೂಮಿನ ಮುಂದೆ ಸಾಲಾಗಿ ನಿಂತರು.

ಆ ಸಂಜೆ ಮೇಷ್ಟ್ರು ಪುಟ ತರಲಿಲ್ಲ. ತಲೆನೋವಿನ ಮಾತ್ರೆ ಕೇಳಿದರು. "ಮೊದಲಿನ ಹಾಗೇ ಬರೆದುಬಿಡ್ತೀನಮ್ಮ."

"ಅಕ್ಷರ ಬಿಡಬೇಡಿ ಸರ್. ಬೈಯೋದು ಬಿಡಿ."

ಮೇಷ್ಟ್ರು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

"ಅದು ಕಷ್ಟ," ಅಂದರು.