ಡಾಕ್ಟರಿಗೆ ಏಕವಚನ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವರು ಹೇಳುವುದುಂಟು. ಸುಳ್ಳು. ಮೂಗಿನ ತುದಿಯಲ್ಲಿರುವುದು ಕನ್ನಡಕ. ಕೋಪ ಅದಕ್ಕಿಂತ ಸ್ವಲ್ಪ ಮುಂದಿರುತ್ತದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಮಕ್ಕಳು ನನಗಿಟ್ಟ ಹೆಸರು ಕೆಂಪು ಪೆನ್ನು. ಈಗಲೂ ಅಂಗಡಿ ಬೋರ್ಡಿನಲ್ಲಿ ತಪ್ಪು ಇಂಗ್ಲಿಷ್ ಕಂಡರೆ ಒಳಗೆ ಹೋಗಿ ಹೇಳಿಯೇ ಬರುತ್ತೇನೆ. ಹಾಗಾಗಿ ನಮ್ಮವರು ಚಪ್ಪಲಿ ಹೊಲಿಸಬೇಕಾದರೂ ಪಕ್ಕದ ಬೀದಿಗೆ ಹೋಗುತ್ತಾರೆ.

ಇಂಥವಳ ಹತ್ತಿರ ಬಂದು ಸೊಸೆ, "ಅತ್ತೆ, ನಂಗೆ ಇಂಗ್ಲಿಷ್ ಹೇಳ್ಕೊಡ್ತೀರಾ?" ಎಂದಳು. ಹುಲಿಯ ಗುಹೆಗೆ ತಾನಾಗಿ ನಡೆದು ಬಂದ ಜಿಂಕೆಯನ್ನು ನೋಡಿದಂತೆ ನನ್ನ ಮಗ ಅವಳನ್ನು ನೋಡಿದ.

ಅವಳಿಗೆ ಬೇರೆ ದಾರಿ ಇರಲಿಲ್ಲ. ಹಲ್ಲಿನ ಕ್ಲಿನಿಕ್ಕಿನಲ್ಲಿ ಅವಳ ಕೆಲಸ. ಚಿಮಟ, ಕೊಕ್ಕೆ, ಪುಟ್ಟ ಕನ್ನಡಿಗಳನ್ನೆಲ್ಲ ಔಷಧಿ ನೀರಿನಲ್ಲಿ ತೊಳೆದು ಒಣಗಿಸಿಡುವುದು. ಆ ನೀರು ಗ್ಲೌಸಿನೊಳಗೂ ನುಗ್ಗಿ ಬೆರಳ ತುದಿಯ ಚರ್ಮ ಸುಲಿದು ಹೋಗಿತ್ತು. ಊಟಕ್ಕೆ ಕೂತರೆ ಉಪ್ಪು ತಗುಲಿ ಉರಿಯುತ್ತದೆಂದು ಚಮಚ ಹಿಡಿಯುತ್ತಿದ್ದಳು. ಈಗ ಮುಂದಿನ ಮೇಜಿನಲ್ಲಿ ಕೂತು ಫೋನ್ ಎತ್ತುವ ಹುಡುಗಿ ಕೆಲಸ ಬಿಡುತ್ತಿದ್ದಳು. ಡಾಕ್ಟರಮ್ಮ ಹೇಳಿದ್ದರಂತೆ: ಸೋಮವಾರ ಬೆಳಿಗ್ಗೆ ನೀನು ಅಲ್ಲಿ ಕೂತ್ಕೋ, ನಾನು ಒಳಗಿಂದ ಕೇಳಿಸಿಕೊಳ್ತೀನಿ. ಇಂಗ್ಲಿಷ್ ನೆಟ್ಟಗಿದ್ದರೆ ಕುರ್ಚಿ ನಿನ್ನದು, ಇಲ್ಲದಿದ್ದರೆ ಹೊರಗಿನವರನ್ನು ಕರೆಸ್ತೀನಿ.

"ಸೋಮವಾರದವರೆಗೆ ಈ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ," ಎಂದು ನಾನು ಅಪ್ಪಣೆ ಹೊರಡಿಸಿದೆ. "ಜಗಳಾನೂ ಇಂಗ್ಲಿಷಿನಲ್ಲೇ. ಪಾಠದ ಹೊತ್ತಲ್ಲಿ ಮಾತ್ರ ಕನ್ನಡಕ್ಕೆ ರಿಯಾಯಿತಿ."

ಮೊದಲ ಪಾಠ, ಕರ್ತೃವಿಗೆ ತಕ್ಕ ಕ್ರಿಯಾಪದ. ಒಬ್ಬರಾದರೆ ‘ಈಸ್’, ಹಲವರಾದರೆ ‘ಆರ್’. ಒಬ್ಬರು ಮಾಡುವ ಕೆಲಸಕ್ಕೆ ಬಾಲದಲ್ಲೊಂದು ‘ಸ್’. ಅವಳು ಗಟ್ಟಿಗಿತ್ತಿ. ನಾಯಿ ‘ಬಾರ್ಕ್ಸ್’ ಎಂದಳು. ನಲ್ಲಿ ‘ಲೀಕ್ಸ್’ ಎಂದಳು. ಸೋಫಾದ ಕಡೆ ನೋಡಿ, "ಮೈ ಹಸ್ಬೆಂಡ್ ಸ್ಲೀಪ್ಸ್," ಎಂದಳು. ಮಗ ಎದ್ದು ಕೂತ. ನಾನು ಬೀಗಿದೆ.

"ಈಗ ಡಾಕ್ಟರ ಬಗ್ಗೆ ಹೇಳು."

"ಡಾಕ್ಟರ್ ಆರ್ ವಾಷಿಂಗ್ ಹ್ಯಾಂಡ್ಸ್."

"ಎಷ್ಟು ಜನ ಡಾಕ್ಟರು?"

"ಒಬ್ಬರೇ ಅತ್ತೆ."

"ಮತ್ತೆ? ಸರಿ, ಮಾವನ ಬಗ್ಗೆ ಹೇಳು. ಟೀ ಕುಡೀತಾ ಇದಾರಲ್ಲ."

"ಮೈ ಫಾದರ್-ಇನ್-ಲಾ ಡ್ರಿಂಕ್ ಟೀ."

"ಡ್ರಿಂಕ್ಸ್!" ಎಂದು ನಾನು ಕೂಗಿದೆ.

"ಏಯ್, ನಾನೆಲ್ಲಿ ಡ್ರಿಂಕ್ಸ್ ತಗೊಂಡೆ?" ಎಂದು ನಮ್ಮವರು ಲೋಟ ಕೆಳಗಿಟ್ಟರು.

ತಪ್ಪು ಎಲ್ಲಿದೆಯೆಂದು ಹುಡುಕಿದೆ. ನಾಯಿಗೆ ಸರಿ, ನಲ್ಲಿಗೆ ಸರಿ, ನನ್ನ ಮಗನಿಗೂ ಸರಿ. ಮಗ, ಸೊಸೆ ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು, ಅವನನ್ನು ಅವಳು ಹೋಗೋ ಬಾರೋ ಎಂದೇ ಕರೆಯುವುದು. ತಪ್ಪು ಬೀಳುತ್ತಿದ್ದುದು ದೊಡ್ಡವರ ಹತ್ತಿರ ಮಾತ್ರ.

"ಡಾಕ್ಟರನ್ನ ‘ಈಸ್’ ಅಂದ್ರೆ ಏಕವಚನದಲ್ಲಿ ಕೂಗ್ದಂಗಾಗುತ್ತೆ ಅತ್ತೆ," ಎಂದಳು ತಲೆ ತಗ್ಗಿಸಿ. "‘ಡಾಕ್ಟರು ಬಂದ್ಳು, ಡಾಕ್ಟರು ಹೋದ್ಳು’ ಅಂದಂಗೆ. ನಾಲಿಗೆ ಹೊರಳಲ್ಲ."

"ಇಂಗ್ಲಿಷಿನಲ್ಲಿ ಆ ಗೌರವ ಎಲ್ಲ ಇಲ್ಲ ಕಣೇ. ಮಹಾರಾಜನಿಗೂ ‘ಈಸ್’ ಅಂತಾನೇ ಹೇಳೋದು."

"ಮಹಾರಾಜನಿಗೂ?" ಎಂದಳು. "ಅಯ್ಯೋ ಪಾಪ."

ಗೊತ್ತಿಲ್ಲದವರಿಗೆ ಕಲಿಸಬಹುದು. ಗೊತ್ತಿದ್ದೂ ಮರ್ಯಾದೆಗೆ ಹೆದರುವವರಿಗೆ ಹೇಗೆ ಕಲಿಸುವುದು? ಆದರೂ ನಾನು ಬಿಡಲಿಲ್ಲ. ನಮ್ಮವರಿಗೆ ಬಿಳಿ ಅಂಗಿಯನ್ನು ಹಿಂದುಮುಂದಾಗಿ ತೊಡಿಸಿ, ಕೈಗೊಂದು ಟಾರ್ಚು ಕೊಟ್ಟು ಡಾಕ್ಟರಾಗಿ ಕೂರಿಸಿದೆ. ಮಗ ರೋಗಿ. ಅವನು ಬಾಯಿ ತೆರೆದು ಕೂತರೆ ಇವರು ಟಾರ್ಚು ಬಿಟ್ಟು, "ಸಿಗರೇಟು ಸೇದ್ತೀಯೇನೋ?" ಎಂದು ನಿಜವಾದ ವಿಚಾರಣೆಯನ್ನೇ ಶುರುಮಾಡಿದರು. ನಾನು ಕೋಣೆಯಿಂದ ಫೋನ್ ಮಾಡಿ ಡಾಕ್ಟರು ಇದ್ದಾರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಬೇಕು, ಸೊಸೆ ಉತ್ತರಿಸಬೇಕು.

ಅವಳು ನುಣುಚಿಕೊಳ್ಳುವ ದಾರಿಗಳನ್ನು ಕಂಡುಕೊಂಡಳು. "ಡಾಕ್ಟರ್, ಬ್ಯುಸಿ," ಎನ್ನುತ್ತಿದ್ದಳು, ಕ್ರಿಯಾಪದವೇ ನಾಪತ್ತೆ. ಇನ್ನೊಮ್ಮೆ, "ಡಾಕ್ಟರ್ಸ್ ಡೋರ್ ಈಸ್ ಕ್ಲೋಸ್ಡ್," ಎಂದಳು. ಬಾಗಿಲಿಗೆ ಏಕವಚನ ಕೊಟ್ಟು ಡಾಕ್ಟರ ಮಾನ ಉಳಿಸಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಒಳಗೊಳಗೇ ನನಗೆ ನಗು ಬಂತು, ಆದರೆ ಸೋಮವಾರ ಬಾಗಿಲಿನ ಸುದ್ದಿಯನ್ನು ಯಾರು ಕೇಳುತ್ತಾರೆ?

ಭಾನುವಾರ ಮಧ್ಯಾಹ್ನ ಅವಳು ಮತ್ತೆ "ಡಾಕ್ಟರ್ ಆರ್" ಎಂದಾಗ ನನ್ನ ತಾಳ್ಮೆ ಹರಿಯಿತು. "ಕೋಣನ ಮುಂದೆ ಕಿನ್ನರಿ ಬಾರಿಸಿದಂಗಾಯ್ತು! ಹೋಗು, ಜೀವನಪೂರ್ತಿ ಚಿಮಟ ತೊಳ್ಕೊಂಡೇ ಇರು!" ಎಂದುಬಿಟ್ಟೆ. ಅವಳ ಮುಖ ಸಣ್ಣಗಾಯಿತು. ಎದ್ದು ಅಡುಗೆಮನೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಪಾತ್ರೆಗಳ ಸದ್ದು ಜೋರಾಯಿತು. ನೀರು ಕುಡಿಯುವ ನೆಪದಲ್ಲಿ ನಾನು ಬಾಗಿಲ ತನಕ ಹೋದೆ. ಅವಳು ಗೋಡೆಗೆ ಮುಖ ಮಾಡಿ ಬಾಣಲೆ ತಿಕ್ಕುತ್ತ, ನನ್ನ ಅಪ್ಪಣೆಯಂತೆ ಇಂಗ್ಲಿಷಿನಲ್ಲೇ ಗೊಣಗುತ್ತಿದ್ದಳು.

"ಶಿ ಶೌಟ್ಸ್. ಶಿ ಆಲ್ವೇಸ್ ಶೌಟ್ಸ್. ಶಿ ಥಿಂಕ್ಸ್ ಶಿ ನೋಸ್ ಎವೆರಿಥಿಂಗ್."

ನನ್ನ ಮನೆಯಲ್ಲಿ, ನನ್ನ ಬಾಣಲೆಯ ಮುಂದೆ, ನನಗೇ! ಆದರೆ ಏನು ಮಾಡಲಿ, ಒಂದಾದರೂ ತಪ್ಪು ಇದೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಶೌಟ್ಸ್, ಥಿಂಕ್ಸ್, ನೋಸ್. ಮೂರೂ ಬಾಲಗಳು ಇರಬೇಕಾದ ಜಾಗದಲ್ಲೇ ಇದ್ದವು.

"ಇನ್ನೊಂದ್ಸಲ ಹೇಳು," ಎಂದೆ.

ಬಾಣಲೆ ಕೈಜಾರಿ ಬಿತ್ತು. "ಅಯ್ಯೋ ಅತ್ತೆ, ನಾನು..."

"ನನ್ನ ಬೈದಿದ್ದು ಆಮೇಲೆ ನೋಡ್ಕೊಳ್ಳೋಣ. ಸಿಟ್ಟು ಬಂದ್ರೆ ನಿನ್ನ ವ್ಯಾಕರಣ ಸರಿಹೋಗುತ್ತೆ. ಈಗ ಡಾಕ್ಟರನ್ನ ಬೈ."

"ಅವರು ಒಳ್ಳೆಯವರು ಅತ್ತೆ."

"ಒಳ್ಳೆಯವರೇ. ನಾನೂ ಒಳ್ಳೆಯವಳೇ. ಬೈ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಮೊದಲು ಮೆಲ್ಲಗೆ, "ಶಿ ಕಮ್ಸ್ ಲೇಟ್," ಎಂದಳು. ಆಮೇಲೆ, "ಶಿ ಗಿವ್ಸ್ ಮಿ ಓಲ್ಡ್ ಗ್ಲೌಸ್," ಎಂದಳು. ಆಮೇಲೆ ತನ್ನ ಬೆರಳುಗಳನ್ನೇ ನೋಡುತ್ತ, "ಶಿ ಸೀಸ್ ಎವೆರಿವನ್ಸ್ ಟೀತ್. ಶಿ ಡಸ್ ನಾಟ್ ಸೀ ಮೈ ಹ್ಯಾಂಡ್ಸ್," ಎಂದಳು. ಎಲ್ಲರ ಹಲ್ಲು ನೋಡುವವರು ಇವಳ ಕೈ ನೋಡಿಲ್ಲ. ಅದೇ ಅವಳ ದೂರು. ಆ ಕೈಗಳನ್ನು ದಿನಾ ಊಟದ ಹೊತ್ತಿಗೆ ನೋಡುತ್ತಿದ್ದ ನಾನು ಏನು ಮಾಡಿದ್ದೆ? ಅಂದು ಉಳಿದ ಪಾತ್ರೆಗಳನ್ನು ನಾನೇ ತೊಳೆದೆ. ಅವಳು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಡಾಕ್ಟರನ್ನು ಬಾಯ್ತುಂಬ ಏಕವಚನದಲ್ಲಿ ಬೈದಳು.

ಸೋಮವಾರ ಕ್ಲಿನಿಕ್ಕಿಗೆ ಫೋನ್ ಮಾಡುವುದಿಲ್ಲವೆಂದು ನಮ್ಮವರಿಗೆ ಮಾತು ಕೊಟ್ಟಿದ್ದೆ. ಅವರು ಸ್ನಾನಕ್ಕೆ ಹೋದ ಕೂಡಲೇ ಮಾಡಿದೆ. ಮೂಗಿನಲ್ಲಿ ಮಾತಾಡುತ್ತ, ಹಲ್ಲು ನೋವಿನ ಹೆಂಗಸಿನಂತೆ, ಡಾಕ್ಟರು ಸಿಗುತ್ತಾರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ದ ಡಾಕ್ಟರ್ ಈಸ್ ವಿತ್ ಎ ಪೇಷೆಂಟ್, ಮೇಡಂ. ಶಿ ಟೇಕ್ಸ್ ಕಾಲ್ಸ್ ಆಫ್ಟರ್ ಲಂಚ್."

ಮೈ ಜುಮ್ಮೆಂದಿತು. ಅಲ್ಲಿಗೆ ಫೋನ್ ಇಡಬೇಕಿತ್ತು. ಹೊಗಳಿಕೆಯ ಆಸೆ ಕೆಟ್ಟದ್ದು. ಇಷ್ಟು ಚೆಂದದ ಇಂಗ್ಲಿಷ್ ನಿಮಗೆ ಯಾರು ಕಲಿಸಿದರು ಎಂದು ಕೇಳಿಬಿಟ್ಟೆ.

"ಮೈ ಮದರ್-ಇನ್-ಲಾ, ಮೇಡಂ," ಎಂದಳು. "ಶಿ ಆರ್ ಎ ಟೀಚರ್."

ಅವಳ ಹಿಂದೆ ಬಾಗಿಲು ತೆರೆದ ಸದ್ದು ಕೇಳಿಸಿತು. ನಾನು ಫೋನ್ ಇಟ್ಟೆ. ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದವಳು ನಾನೇ. ಮಧ್ಯಾಹ್ನ ಊಟ ಸೇರಲಿಲ್ಲ. ನಮ್ಮವರು ಮೂರು ಸಲ ಏನೆಂದು ಕೇಳಿದರು, ಮೂರು ಸಲವೂ ಅವರನ್ನೇ ಬೈದೆ.

ಸಂಜೆ ಅವಳು ಬಂದು ಚಪ್ಪಲಿ ಬಿಟ್ಟಳು. ಔಷಧಿಯ ವಾಸನೆ ಇರಲಿಲ್ಲ.

"ಡಾಕ್ಟ್ರು ಆಚೆ ಬಂದು ಕೇಳಿದ್ರು ಅತ್ತೆ. ‘ಬೆಳಿಗ್ಗೆಯಿಂದ ನನ್ನ ಸರಿಯಾಗಿ ಶಿ ಈಸ್, ಶಿ ಈಸ್ ಅಂತಿದೀಯ. ನಿಮ್ಮತ್ತೆಗೆ ಮಾತ್ರ ಯಾಕೆ ತಪ್ಪು ಮಾಡ್ದೆ?’ ಅಂದ್ರು."

"ನೀನೇನಂದೆ?"

"‘ನಿಮಗಾದ್ರೆ ಕೆಲಸಕ್ಕೋಸ್ಕರ ಹೇಳ್ತೀನಿ ಡಾಕ್ಟ್ರೇ, ಅವರಿಗೆ ಹಾಗನ್ನೋಕೆ ಬಾಯೇ ಬರಲ್ಲ’ ಅಂದೆ. ನಕ್ಕೂ ನಕ್ಕೂ ಅವರ ಮಾಸ್ಕ್ ಜಾರೋಯ್ತು. ನಾಳೆಯಿಂದ ಕುರ್ಚಿ ನಂದೇ ಅಂತೆ. ಫೋನಲ್ಲಿ ಅತ್ತೆ ವಿಷಯ ಮಾತ್ರ ಎತ್ತಬಾರದಂತೆ."

"ಭಾನುವಾರ ಬಾಣಲೆ ಮುಂದೆ ಬಾಯಿ ಬಂದಿತ್ತಲ್ಲ?"

"ಅದು ನೀವು ಕೇಳಿಸ್ಕೊಳ್ತಿಲ್ಲ ಅಂದ್ಕೊಂಡು," ಎಂದಳು. "ಇವತ್ತು ಫೋನಲ್ಲಿ ನೀವೇ ಇದ್ರಲ್ಲ ಅತ್ತೆ."

ಏನಾದರೂ ಗದರಬೇಕೆಂದು ಬಾಯಿ ತೆರೆದೆ. ಕಣ್ಣು ತುಂಬಿ ಕನ್ನಡಕ ಮಂಜಾಯಿತು. ಸದ್ದಿಲ್ಲದ ಮನೆ ಕಂಡು ಗಾಬರಿಯಾದ ನಮ್ಮವರು ಒಳಗಿನಿಂದ, "ವಾಟ್ ಹ್ಯಾಪನ್ಡ್?" ಎಂದು ಕೂಗಿದರು.

"ನಥಿಂಗ್, ಮಾವ," ಎಂದಳು ಸೊಸೆ. "ಅತ್ತೆ ಆರ್ ಕ್ರೈಯಿಂಗ್."

ತಪ್ಪು. ಅಪ್ಪಟ ತಪ್ಪು. ನಾನು ತಿದ್ದಲಿಲ್ಲ.